ಬಾಗಿಲಲ್ಲಿಟ್ಟ ಗಂಡ

ಮಲ್ಸುನಳ ಗಂಡನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಇಡೀ ಓಣಿಗೆ ಗೊತ್ತಿತ್ತು. ಬೆಳಕು ಹರಿಯುವ ಮುಂಚೆ ಇಂಚಿಯೋನ್ ಬಂದರಿಗೆ ಕೆಲಸಕ್ಕೆ ಹೋಗುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ, ಬಂದವನು ಯಾರನ್ನೂ ಮಾತಾಡಿಸದೆ ಮೂರನೇ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾನೆ. ಹೆಸರು ಮಾ ದೋಕ್‌ಪಾಲ್. ಮೀನು ಅಂದರೆ ಪ್ರಾಣ, ಮೂಲಂಗಿ ಕಂಡರೆ ಆಗುವುದಿಲ್ಲ. ಬೇರೆ ಹೆಂಗಸರತ್ತ ಕಣ್ಣೆತ್ತಿ ನೋಡಿದವನಲ್ಲ ಎಂದು ತರಕಾರಿ ಅಂಗಡಿಯವಳು ಕೂಡ ಹೊಗಳುತ್ತಿದ್ದಳು. ಅವನಲ್ಲಿದ್ದ ಕೊರತೆ ಒಂದೇ. ಅವನು ಹುಟ್ಟಿರಲಿಲ್ಲ.

ಮಲ್ಸುನ್ ಮದುವೆಯಾದವಳೇ ಅಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಯೋಂಗ್ಜುವಿನಿಂದ ಒಂದು ಬಟ್ಟೆಗಂಟು ಹಿಡಿದು ಸಿಯೋಲಿಗೆ ಬಂದು, ಹೊಲಿಗೆ ಕಾರ್ಖಾನೆ ಸೇರಿ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದವಳು. ಆ ಕೋಣೆಯ ಚಿಲಕ ಒಂದು ದಿನ ಹೊರಗಿನಿಂದ ಅಲುಗಾಡಿತು. ಆಮೇಲೆ ಏನಾಯಿತೆಂದು ಅವಳು ಯಾರಿಗೂ ಹೇಳಿಲ್ಲ. ಮಾರನೆಯ ದಿನ ಹಳೆ ಸಾಮಾನಿನ ಸಂತೆಗೆ ಹೋಗಿ ಒಂದು ಜೊತೆ ಮಿಲಿಟರಿ ಬೂಟು ಕೊಂಡು ತಂದು, ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಗಂಡ ಶುರುವಾದದ್ದು ಹೀಗೆ, ಪಾದದ ಕಡೆಯಿಂದ. ಮಿಕ್ಕ ಭಾಗಗಳು ಅಗತ್ಯ ಬಿದ್ದ ಹಾಗೆಲ್ಲ ಬಂದು ಸೇರಿಕೊಂಡವು.

ಪಾರ್ಸೆಲ್ಲಿನ ಮೇಲೆ ಹೆಂಗಸಿನ ಹೆಸರಿದ್ದರೆ ತರುವವನು ಎರಡು ಸಲ ಓದುತ್ತಾನೆ ಎಂದು ಗೊತ್ತಾದಾಗ ಹೆಸರು ಬಂತು. ಕೇಳಿದರೆ ಹಂದಿ ಕಡಿಯುವವನೋ ಮೂಟೆ ಹೊರುವವನೋ ಅನ್ನಿಸಬೇಕೆಂದು ಹುಡುಕಿ ಇಟ್ಟ ಹೆಸರು ಅದು. ಮೀಟರು ನೋಡಲು ಬಂದವನೊಬ್ಬ ನೀರು ಕೇಳಿ, ಕುಡಿದ ಮೇಲೂ ಹೋಗದೆ ನಿಂತಾಗ ಸಿಟ್ಟು ಬಂತು. "ರೀ, ಕೋಲು ಎತ್ಕೋಬೇಡ್ರೀ, ಪಾಪ ಮೀಟ್ರು ನೋಡೋರು," ಎಂದು ಖಾಲಿ ಕೋಣೆಯ ಕಡೆ ತಿರುಗಿ ಹೇಳಿದಳು. ಅವನು ಲೋಟವನ್ನು ಕೈಗೂ ಕೊಡದೆ ನೆಲದ ಮೇಲಿಟ್ಟು ಇಳಿದು ಹೋದ. ಎಂದೂ ಕಾಣಿಸುವುದಿಲ್ಲವಲ್ಲ ಎಂದು ಓಣಿಯವರು ಕೇಳತೊಡಗಿದ ಮೇಲೆ ಬಂದರಿನ ನೌಕರಿ ಸಿಕ್ಕಿತು. ತಿಂಗಳಿಗೆರಡು ಸಲ ಒಂದು ದೊಡ್ಡ ಅಂಗಿ ಒಗೆದು ಹಗ್ಗದ ಮೇಲೆ ಹರವುತ್ತಿದ್ದಳು. ಒಗೆದೂ ಒಗೆದೂ ಅಂಗಿ ಸವೆದು, ಗಂಡನಿಗೆ ಹೊಸದು ತರುವ ಖರ್ಚೂ ಬಂತು.

ಈಗಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ಎದುರುಬದುರು ಎರಡು ಮನೆ, ಎರಡನ್ನೂ ಅವಳೇ ಹಿಡಿದಿದ್ದಳು. ಒಂದರಲ್ಲಿ ಮಲ್ಸುನ್ ಇದ್ದಳು. ಇನ್ನೊಂದರ ಕೋಣೆಗಳನ್ನು ಊರೂರಿನಿಂದ ಒಬ್ಬೊಬ್ಬರೇ ಬರುವ ಹೆಂಗಸರಿಗೆ ಕೊಡುತ್ತಿದ್ದಳು. ಪರೀಕ್ಷೆ ಬರೆಯಲು ಬಂದವರು, ಆಸ್ಪತ್ರೆಗೆ ಬಂದವರು, ಸುಮ್ಮನೆ ನಾಲ್ಕು ದಿನ ಊರು ಸುತ್ತಲು ಬಂದವರು, ಎಲ್ಲರಿಗೂ ಮೊದಲ ದಿನ ಬಾರ್ಲಿ ನೀರು ಕೊಟ್ಟು ಎದುರು ಕೂರಿಸಿಕೊಂಡು ಬುದ್ಧಿಮಾತು ಹೇಳುವಳು. ಬಾಗಿಲ ನಂಬರು ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿ. ಒತ್ತಿದ ಮೇಲೆ ಗುಂಡಿಗಳನ್ನೆಲ್ಲ ಒಮ್ಮೆ ತೋಳಿನಿಂದ ಒರೆಸು, ಇಲ್ಲದಿದ್ದರೆ ಬೆರಳಿನ ಜಿಡ್ಡು ನೋಡಿಯೇ ನಂಬರು ಹೇಳುವವರಿದ್ದಾರೆ. ಲಿಫ್ಟಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ಟ್ಯಾಕ್ಸಿ ಹತ್ತಿದ ಕೂಡಲೇ ಅಣ್ಣನಿಗೆ ಫೋನು ಮಾಡು. ಅಣ್ಣ ಇಲ್ಲದಿದ್ದರೂ ಮಾಡು. ಒಬ್ಬಳೇ ಇದ್ದಾಗ ಯಾರಾದರೂ ಬಾಗಿಲು ತಟ್ಟಿದರೆ "ರೀ" ಎಂದು ಕೂಗು. ಇಷ್ಟು ಹೇಳಿ, ಏನಿದ್ದರೂ ಎದುರು ಮನೆಯಲ್ಲಿ ನಮ್ಮ ಯಜಮಾನರು ಇರುತ್ತಾರೆ ಎಂದು ಮುಗಿಸುವಳು. ಗಂಡ ಇಲ್ಲ ಎಂಬುದನ್ನು ಮಾತ್ರ ಈ ಹುಡುಗಿಯರಿಗೂ ಬಿಟ್ಟುಕೊಡಲಿಲ್ಲ. ಒಬ್ಬಳಿಗೆ ಹೇಳಿದರೆ ಓಣಿಗೆ ಹೇಳಿದಂತೆ ಎಂಬುದು ಅವಳ ಲೆಕ್ಕ.

ಆ ವಸಂತದಲ್ಲಿ ವಾಂಡೋ ದ್ವೀಪದಿಂದ ಯೂರಿ ಬಂದಳು. ದಾದಿಯರ ತರಬೇತಿಗೆ ಬಂದ ಹುಡುಗಿ, ಸಿಯೋಲನ್ನು ಕಂಡದ್ದು ಅದೇ ಮೊದಲು. ಅವಳ ತಾಯಿ ಫೋನು ಮಾಡಿ ಎರಡೇ ಮಾತು ಕೇಳಿದಳು. ಬಾಡಿಗೆಗೆ ಬರೀ ಹೆಂಗಸರೇ ತಾನೇ? ಹೌದು. ಮನೆಯಲ್ಲಿ ಗಂಡಸು ಅಂತ ಒಬ್ಬರಾದರೂ ಇದ್ದಾರೆ ತಾನೇ? ಇದ್ದಾರೆ. ತಾಯಿ ನೆಮ್ಮದಿಯಿಂದ ಫೋನಿಟ್ಟಳು. ಯೂರಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸುವವಳು. ಗುಂಡಿಗಳನ್ನು ಒರೆಸಿ ಒರೆಸಿ ಬಾಗಿಲ ಬೀಗ ಹೊಸದರಂತೆ ಹೊಳೆಯುತ್ತಿತ್ತು. ಮಲ್ಸುನಳಿಗೆ ಅವಳ ಮೇಲೆ ಜೀವ.

ಒಂದು ಮಧ್ಯಾಹ್ನ ಮಲ್ಸುನ್ ಮಾರುಕಟ್ಟೆಗೆ ಹೋಗಿದ್ದಾಗ ಯೂರಿಯ ಬಾಗಿಲ ಗುಂಡಿಗಳು ಹೊರಗಿನಿಂದ ಒಂದೊಂದಾಗಿ ಸದ್ದು ಮಾಡಿದವು. ತಪ್ಪು ನಂಬರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಯೂರಿ ಬುದ್ಧಿಮಾತಿನ ಪ್ರಕಾರ "ರೀ, ಯಾರೋ ಬಂದಿದ್ದಾರೆ ನೋಡ್ರೀ" ಎಂದು ಕೂಗಿದಳು. ಆಚೆಯವನು ಓಡಲಿಲ್ಲ. ಚಪ್ಪಲಿ ಎಳೆದುಕೊಂಡು ಆರಾಮವಾಗಿ ನಡೆದು ಹೋದ. ಮೇಲೆ ಹೋದನೋ ಕೆಳಗೆ ಹೋದನೋ ಎದುರು ಮನೆಗೇ ಹೋದನೋ ಹುಡುಗಿಗೆ ಗೊತ್ತಾಗಲಿಲ್ಲ. ಮರುವಾರ ಎರಡನೇ ಮಹಡಿಯ ಚೋನ್ ಟೀಚರ ಬಾಗಿಲಿಗೂ ನಾಲ್ಕನೇ ಮಹಡಿಯಲ್ಲಿ ತರಕಾರಿ ಅಂಗಡಿಯ ಅಕ್ಕತಂಗಿಯರ ಬಾಗಿಲಿಗೂ ಹೀಗೇ ಆಯಿತು. ಆಮೇಲೆ ಮತ್ತೆ ಯೂರಿಯ ಬಾಗಿಲಿಗೆ ಬಂತು. ಒಂದೊಂದು ಗುಂಡಿಗೆ ಒಂದೊಂದು ಸದ್ದು, ಒಳಗಿದ್ದ ಯೂರಿಗೆ ಕೇಳಿಯೇ ಗೊತ್ತಾಯಿತು: ಈ ಸಲ ನಾಲ್ಕು ಅಂಕಿಗಳಲ್ಲಿ ಮೂರು ಸರಿಯಾಗಿದ್ದವು.

ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವವರು ನೆಲಮಹಡಿಯ ತಾಕ್ ಯಜಮಾನರು. ಮೆಟ್ಟಿಲು ಗುಡಿಸುವ ಪಾಳಿ, ಕಸ ಬೇರೆ ಮಾಡುವ ದಿನ, ನೀರಿನ ಹಣ, ಎಲ್ಲದಕ್ಕೂ ಅವರೇ. ಹೆಂಡತಿ ತೀರಿಕೊಂಡಿದ್ದಳು, ಮಗ ಬೇರೆ ಊರಲ್ಲಿದ್ದ, ಕೈತುಂಬ ಬಿಡುವಿತ್ತು. ಅವರು ಮೆಟ್ಟಿಲ ಮೇಲೆ ಕೂತು ತನಿಖೆ ಮಾಡಿದರು. ಕೆಳಗಿನ ದೊಡ್ಡ ಬಾಗಿಲಿಗೂ ನಂಬರಿದೆ, ಹೊರಗಿನವನು ಒಳಗೆ ಬರಲಾರ. ಅಂದ ಮೇಲೆ ಒಳಗಿನವನೇ. ಕಟ್ಟಡದಲ್ಲಿರುವ ಗಂಡಸರು ಮೂವರು. ಒಬ್ಬರು ತಾವು. ಇನ್ನೊಬ್ಬರು ಚೋನ್ ಟೀಚರ ಯಜಮಾನರು, ಕಾಯಿಲೆಯಿಂದ ಕಿಟಕಿ ಬಳಿ ಕೂತವರು ಏಳುವುದೇ ಇಲ್ಲ. ಉಳಿದವನು ಮಾ ದೋಕ್‌ಪಾಲ್. ಹಗಲೆಲ್ಲ ಬಂದರಿನಲ್ಲಿರುತ್ತಾನೆ ಎಂಬುದು ಹೆಂಡತಿಯ ಮಾತು, ಕಂಡವರು ಯಾರು?

ಕಟ್ಟಡದವರ ಮೊಬೈಲ್ ಗುಂಪಿಗೆ ಆ ಸಂಜೆಯೇ ಒಂದು ಸೂಚನೆ ಬಂತು. ಒಬ್ಬಂಟಿ ಹೆಂಗಸರು ಮೂರನೇ ಮಹಡಿಯ ಯಜಮಾನರು ಮನೆಯಲ್ಲಿರುವ ಹೊತ್ತಿನಲ್ಲಿ ಮೆಟ್ಟಿಲ ಬಳಿ ಸುಳಿಯಬಾರದು, ಎದುರಾದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಸಾಧ್ಯವಾದರೆ ಇಬ್ಬಿಬ್ಬರಾಗಿ ಹತ್ತಬೇಕು. ಮಲ್ಸುನ್ ಅದನ್ನು ಎರಡು ಸಲ ಓದಿದಳು. ಬುದ್ಧಿಮಾತು ಒಳ್ಳೆಯದೇ ಆಗಿತ್ತು. ಅವಳಾದರೂ ಅದನ್ನೇ ಹೇಳುತ್ತಿದ್ದಳು. ಓಣಿಯಲ್ಲಿ ನಡೆದರೆ ಜನ ಅವಳತ್ತ ಮರುಕದಿಂದ ನೋಡತೊಡಗಿದರು. ಇಂಥವನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆಯಮ್ಮಾ ಎಂದು ಬೇಕರಿಯವಳು ಒಂದು ಬನ್ನು ಹೆಚ್ಚಿಗೆ ಹಾಕಿ ಕೊಟ್ಟಳು.

ಇದರಲ್ಲಿ ನಗುವಂಥದ್ದು ಏನಾದರೂ ಇತ್ತೋ ಏನೋ, ಯೂರಿ ಪೆಟ್ಟಿಗೆ ಕಟ್ಟಿದಾಗ ಅದು ಮುಗಿಯಿತು. ರೈಲು ನಿಲ್ದಾಣದ ಹತ್ತಿರ ಒಂದು ಅಗ್ಗದ ವಸತಿಯಲ್ಲಿ ಕೋಣೆ ನೋಡಿದ್ದಾಳಂತೆ. ಮಲ್ಸುನಳಿಗೆ ಆ ಜಾಗ ಗೊತ್ತಿತ್ತು. ಗಂಡಸರೂ ಹೆಂಗಸರೂ ಒಂದೇ ಸಾಲಿನಲ್ಲಿ, ನಡುವೆ ಹಲಗೆಯ ಗೋಡೆ, ಬಾಗಿಲಿಗೆ ಸರಿಯಾದ ಬೀಗವಿಲ್ಲ.

"ಅಲ್ಲಿಗೆ ಹೋಗ್ಬೇಡ ಕಣೇ," ಎಂದಳು ಮಲ್ಸುನ್.

ಯೂರಿ ತಲೆ ತಗ್ಗಿಸಿ, "ಚಿಕ್ಕಮ್ಮ, ನಿಮ್ಮ ಮೇಲೆ ನಂಗೇನೂ ಇಲ್ಲ. ಆದ್ರೆ ಅವ್ರು ಎದುರುಗಡೇನೇ ಇರ್ತಾರಲ್ಲ. ರಾತ್ರಿ ನಿದ್ದೆ ಬರಲ್ಲ ನಂಗೆ," ಎಂದಳು.

ಮಲ್ಸುನ್ ತನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಬೂಟುಗಳ ಎದುರು ಕೂತಳು. ಎದೆಯಲ್ಲಿ ನಿಜವಾಗಿಯೂ ಉರಿಯುತ್ತಿತ್ತು. ಆ ಗುಂಡಿ ಒತ್ತಿದವನು ಇದೇ ಕಟ್ಟಡದಲ್ಲಿ ಎಲ್ಲೋ ಕಾಲು ಚಾಚಿ ಕೂತಿದ್ದಾನೆ, ಅವನನ್ನು ಯಾರೂ ಹುಡುಕುವುದಿಲ್ಲ. ಹುಡುಕಬೇಕಾದವನು ಸಿಕ್ಕಿಬಿಟ್ಟಿದ್ದಾನಲ್ಲ. ತಾನು ಕಾವಲಿಗೆಂದು ಇಟ್ಟ ಗಂಡ ಈಗ ಕಳ್ಳನನ್ನು ಕಾಯುತ್ತಿದ್ದ. ಗಂಡನಿಲ್ಲ ಎಂದು ಹೇಳಿಬಿಡಬೇಕು. ಹೇಳಿದ ದಿನದಿಂದ ಅವಳು ಒಬ್ಬಳೇ ಇರುವ ಹೆಂಗಸು, ಇಡೀ ಓಣಿಗೆ ಗೊತ್ತಿರುವ ಹಾಗೆ ಒಬ್ಬಳೇ. ಹತ್ತೊಂಬತ್ತರ ಹುಡುಗಿಗಾದ ಭಯವೇ ಐವತ್ತೆಂಟರಲ್ಲೂ ಆಯಿತು. ಆದರೂ ಭಾನುವಾರದ ಸಭೆಯವರೆಗೆ ಇರು, ಆಮೇಲೆ ನಿನ್ನಿಷ್ಟ ಎಂದು ಯೂರಿಯನ್ನು ಒಪ್ಪಿಸಿದಳು.

ಸಭೆ ತಾಕ್ ಯಜಮಾನರ ಮನೆಯಲ್ಲಿ. ಹೊರಗೆ ಒಳ್ಳೆಯ ಬಿಸಿಲಿತ್ತು. ಯಜಮಾನರು ಪೇರ್ ಹಣ್ಣು ಹೆಚ್ಚಿಟ್ಟು, ಎಲ್ಲರಿಗೂ ದಿಂಬು ಹಾಕಿದ್ದರು. ಠಾಣೆಯಿಂದ ಒಬ್ಬ ಪೊಲೀಸ್ ಹೆಂಗಸು ಬಂದು ಮೂಲೆಯಲ್ಲಿ ಕೂತಿದ್ದಳು. ತರಕಾರಿ ಅಂಗಡಿಯ ಅಕ್ಕ ಬಂದಿದ್ದಳು, ತಂಗಿ ಅಂಗಡಿಯಲ್ಲಿದ್ದಳು. ಚೋನ್ ಟೀಚರ್ ಎಂದಿನಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬಾಗಿಲ ಬಳಿ ಯೂರಿ, ಪಕ್ಕದಲ್ಲಿ ಅವಳ ಪೆಟ್ಟಿಗೆ. ತಾಕ್ ಯಜಮಾನರು ಗಂಟಲು ಸರಿಮಾಡಿಕೊಂಡು, ಮೂರನೇ ಮಹಡಿಯ ದಂಪತಿ ಮನೆ ಖಾಲಿ ಮಾಡಿದರೆ ಎಲ್ಲರಿಗೂ ಒಳ್ಳೆಯದು, ಮಲ್ಸುನ್ ಬಗ್ಗೆ ಯಾರಿಗೂ ಬೇಸರವಿಲ್ಲ, ಅವಳು ಬೇಕಾದರೆ ಒಬ್ಬಳೇ ಇರಬಹುದು ಎಂದರು.

ಮಲ್ಸುನ್ ಎದ್ದು ನಿಂತು, "ನಂಗೆ ಗಂಡ ಇಲ್ಲ," ಎಂದಳು.

ತರಕಾರಿ ಅಂಗಡಿಯವಳು ಅವಳ ತೋಳು ಸವರಿ, "ಸಿಟ್ಟು ಬಂದಾಗ ನಮ್ಮಮ್ಮನೂ ಹಾಗೇ ಅಂತಿದ್ಲು, ಕೂತ್ಕೋ," ಎಂದಳು.

ಮಲ್ಸುನ್ ಕೂರಲಿಲ್ಲ. ಬೂಟು ಎಲ್ಲಿ ಕೊಂಡದ್ದು, ಅಂಗಿ ಯಾಕೆ ಒಗೆಯುವುದು, ಕೋಲೆತ್ತಬೇಡಿ ಎಂದು ಗೋಡೆಗೆ ಹೇಳಿದ್ದು, ಎಲ್ಲ ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಜನರ ಮರುಕ ಹೆಚ್ಚಿತು. ಗಂಡನನ್ನು ಉಳಿಸಲು ಹೆಣ್ಣುಮಕ್ಕಳು ಏನೇನು ಕಟ್ಟುತ್ತಾರಪ್ಪ ಎಂದು ತರಕಾರಿ ಅಂಗಡಿಯವಳು ಕಣ್ಣೊರೆಸಿಕೊಂಡಳು. ಅವನ ಕೆಮ್ಮನ್ನು ತಾನೇ ಎಷ್ಟೋ ಸಲ ಕೇಳಿದ್ದೇನೆ ಎಂದಳು. ಪೊಲೀಸ್ ಹೆಂಗಸು ಫೋನಿನಲ್ಲಿ ವಿಚಾರಿಸಿ, ಈ ವಿಳಾಸದಲ್ಲಿ ಮಾ ದೋಕ್‌ಪಾಲ್ ಎಂಬವರು ದಾಖಲೆಯಲ್ಲಿಲ್ಲ ಎಂದಳು. ಅದರಿಂದ ಕೆಲಸ ಇನ್ನೂ ಕೆಟ್ಟಿತು. ಹಾಗಾದರೆ ಮದುವೆಯಾಗದೆಯೇ ಇದ್ದರೇ ಎಂದು ತರಕಾರಿ ಅಂಗಡಿಯವಳು ತೋಳಿನಿಂದ ಕೈ ತೆಗೆದಳು.

ತಾಕ್ ಯಜಮಾನರು ಹಲ್ಲಿನ ಸಂದಿಯಿಂದ ಹಣ್ಣಿನ ಸಿಪ್ಪೆ ತೆಗೆಯುತ್ತಾ ನಕ್ಕರು. "ಇಲ್ಲ ಅಂದ್ರೆ ನಂಬೋಕಾಗುತ್ತಾ? ಹೋದ್ ವಾರ ಅಂಗಡಿ ಮುಂದಿನ ಬೆಂಚಲ್ಲಿ ನಾನೂ ಅವನೂ ಕೂತು ಸೋಜು ಕುಡಿದ್ವಿ. ಎದುರು ಮನೆ ಹುಡುಗಿ ಚೆನ್ನಾಗಿದ್ದಾಳೆ, ಮೂರು ನಂಬರು ಸಿಕ್ಕಿದೆ, ಇನ್ನೊಂದು ಸಿಕ್ಕಿದ್ರೆ ಸಾಕು ಅಂದ. ನಾನೇ ಬೈದೆ ಅವನ್ನ."

ಮೂರು ಅಂಕಿ ಸರಿಯಾಗಿದ್ದವು ಎಂಬುದನ್ನು ಯೂರಿ ಮಲ್ಸುನಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಇಷ್ಟು ಹೊತ್ತು ಮಲ್ಸುನಳಿಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಹುಟ್ಟದೇ ಇರುವ ಮನುಷ್ಯನ ಜೊತೆ ಕೂತು ಕುಡಿದವನು ಲೋಕದಲ್ಲಿ ಒಬ್ಬನೇ, ಅವನು ತನ್ನೆದುರು ಪೇರ್ ಹಣ್ಣು ತಿನ್ನುತ್ತಿದ್ದಾನೆ. ಆದರೆ ಅದು ಗೊತ್ತಿರುವುದೂ ಲೋಕದಲ್ಲಿ ಅವಳೊಬ್ಬಳಿಗೇ. ತಾಕ್ ಯಜಮಾನ ಸುಳ್ಳು ಹೇಳುತ್ತಿದ್ದಾನೆ ಎಂದಳು. ಅವಳ ದನಿ ಕೀರಲಾಗಿ ಬಂತು, ತಪ್ಪಿತಸ್ಥರ ದನಿಯ ಹಾಗೆ.

"ನಾನ್ಯಾಕೆ ಸುಳ್ಳು ಹೇಳ್ಲಿ? ಟೀಚರ್ ಯಜಮಾನ್ರು ಕಿಟಕಿಯಿಂದ ನೋಡ್ತಾನೇ ಇದ್ರು. ನಾನು ಕೈಯೆತ್ತಿ ನಮಸ್ಕಾರನೂ ಮಾಡ್ದೆ," ಎಂದು ತಾಕ್ ಯಜಮಾನರು ಚೋನ್ ಟೀಚರತ್ತ ತಿರುಗಿದರು. "ಹೌದೋ ಅಲ್ವೋ ಟೀಚರ್? ನೋಡಿದ್ರು ಅಲ್ವಾ?"

ಚೋನ್ ಟೀಚರ್ ಹೌದು ಎನ್ನುವಂತೆ ತಲೆಯಾಡಿಸಿದರು.

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದವರು. ಪೊಲೀಸ್ ಹೆಂಗಸು ಪೆನ್ನು ತೆಗೆದಳು. ತರಕಾರಿ ಅಂಗಡಿಯವಳು, ಇನ್ನೇನು ಉಳಿದಿದೆ ಎನ್ನುವಂತೆ ಮಲ್ಸುನಳನ್ನು ನೋಡಿದಳು. ಮಲ್ಸುನ್ ಟೀಚರನ್ನು ನೋಡುತ್ತಿದ್ದಳು.

ಅವಳಿಗೆ ಒಂದು ವಿಷಯ ಎಷ್ಟೋ ಹಿಂದೆಯೇ ತಿಳಿದಿತ್ತು. ಎರಡನೇ ಮಹಡಿ ದಾಟಿ ಹತ್ತುವಾಗೆಲ್ಲ ಒಳಗಿನಿಂದ ಟೀಚರ ದನಿ ಕೇಳಿಸುತ್ತಿತ್ತು. "ರೀ, ಕಿಟಕಿ ಹಾಕ್ರೀ, ಗಾಳಿ ಬರುತ್ತೆ, ಔಷಧಿ ತಗೊಂಡ್ರಾ, ಸರಿ ಬಿಡಿ." ಔಷಧಿ ತಗೊಂಡ್ರಾ ಎನ್ನುವುದಕ್ಕೂ ಸರಿ ಬಿಡಿ ಎನ್ನುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಜಾಗ ಇರುತ್ತಿರಲಿಲ್ಲ. ನಿಜವಾದ ಗಂಡನಿದ್ದರೆ ಉತ್ತರಕ್ಕೆ ಕಾಯಬೇಕಾಗುತ್ತದೆ, ಎಷ್ಟೋ ಸಲ ಎರಡೆರಡು ಸಲ ಕೇಳಬೇಕಾಗುತ್ತದೆ. ಇಲ್ಲದ ಗಂಡನನ್ನು ಕಟ್ಟುವ ಈ ಕಸುಬಿನ ಹೆಂಗಸರೆಲ್ಲ ಮಾಡುವ ತಪ್ಪು ಇದೊಂದೇ, ಮೊದಮೊದಲು ಮಲ್ಸುನಳೂ ಮಾಡಿದ್ದಳು. ಟೀಚರಿಗೆ ಹೇಳಿ ತಿದ್ದಿಸೋಣ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಹೇಳಿದರೆ ಅವರ ಬಾಗಿಲು ತೆಗೆದಂತೆ ಎಂದು ಬಿಟ್ಟಿದ್ದಳು.

ಈಗಲೂ ಆ ಬಾಗಿಲು ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ. ಈ ಹೆಂಗಸಿನ ಗಂಡನೂ ನನ್ನ ಗಂಡನಂಥವನೇ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಅದು ತಾಕ್ ಯಜಮಾನನ ಎದುರು, ಅವನ ಮನೆಯಲ್ಲಿ ಕೂತು, ಇಲ್ಲಿ ಇನ್ನೊಬ್ಬಳು ಒಂಟಿಯಾಗಿದ್ದಾಳೆ ಎಂದು ತೋರಿಸಿಕೊಟ್ಟ ಹಾಗೆ. ಅವಳು ಟೀಚರ ಎದುರಿಗೆ ಹೋಗಿ ಮೊಣಕಾಲೂರಿ ಕೂತಳು.

"ಟೀಚರ್, ಆ ಹುಡುಗಿ ಪೆಟ್ಟಿಗೆ ಕಟ್ಟಿದಾಳೆ. ಸ್ಟೇಷನ್ ಹತ್ರ ಬೀಗ ಇಲ್ಲದ ಕೋಣೆಗೆ ಹೋಗ್ತಾಳಂತೆ. ನಿಮ್ಮ ಯಜಮಾನ್ರು ನಿಜವಾಗ್ಲೂ ನೋಡಿದ್ರಾ? ನೋಡಿದ್ರು ಅಂದ್ರೆ ನಾನು ಇನ್ನೇನೂ ಕೇಳಲ್ಲ," ಎಂದಳು.

ಟೀಚರ್ ಯೂರಿಯ ಪೆಟ್ಟಿಗೆಯನ್ನು ನೋಡಿದರು. ಪೆಟ್ಟಿಗೆಯ ಹಿಡಿಗೆ ವಾಂಡೋದ ತಾಯಿ ಕೆಂಪು ದಾರ ಕಟ್ಟಿದ್ದಳು. ಆಮೇಲೆ ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದರು.

"ನಮ್ಮ ಯಜಮಾನ್ರು ಏನೂ ನೋಡಿಲ್ಲ. ಅವ್ರು ತೀರಿಕೊಂಡು ಆರು ವರ್ಷ ಆಯ್ತು. ಕಿಟಕಿ ಹತ್ರ ಇರೋದು ದಿಂಬು, ಅದಕ್ಕೆ ಅವರ ಕೋಟು ಹಾಕಿದೀನಿ."

ಪೊಲೀಸ್ ಹೆಂಗಸು ಪೆನ್ನು ಹಾಗೇ ಹಿಡಿದುಕೊಂಡು ಒಮ್ಮೆ ಟೀಚರನ್ನೂ ಒಮ್ಮೆ ಮಲ್ಸುನಳನ್ನೂ ನೋಡಿದಳು. ಅವಳೂ ಒಬ್ಬಳೇ ಇರುವವಳೋ ಏನೋ, ಬೇಗ ಅರ್ಥ ಮಾಡಿಕೊಂಡಳು. ತಾಕ್ ಯಜಮಾನರ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದಳು.

"ಹಾಗಾದ್ರೆ ಯಜಮಾನ್ರೇ, ತಾವು ಬೆಂಚಲ್ಲಿ ಕೂತು ಕುಡಿದಿದ್ದು ಯಾರ ಜೊತೆ?"

ತಾಕ್ ಯಜಮಾನರು ಬಹುಶಃ ಬೇರೆ ಯಾರೋ ಇರಬೇಕು, ಬೆಳಕು ಸರಿಯಿರಲಿಲ್ಲ ಎಂದರು. ಆ ಬೇರೆಯವರಿಗೆ ಮೂರು ನಂಬರು ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಳು. ಅವರು ಹಣ್ಣಿನ ತಟ್ಟೆಯನ್ನು ಅವಳತ್ತ ಸರಿಸಿ, ತಗೊಳ್ಳಿ, ಬಹಳ ಸಿಹಿಯಾಗಿದೆ ಎಂದರು. ಸಂಜೆಯ ಹೊತ್ತಿಗೆ ಅವರನ್ನು ಠಾಣೆಗೆ ಕರೆದುಕೊಂಡು ಹೋದರು. ಅಂಗಡಿಯ ಕ್ಯಾಮೆರಾದಲ್ಲಿ ಅವರು ಬೆಂಚಿನ ಮೇಲೆ ಒಬ್ಬರೇ ಕೂತು ಕುಡಿಯುವುದಿತ್ತು. ನಾಲ್ಕು ದಿನ ಬಿಟ್ಟು ಎಲ್ಲ ಒಪ್ಪಿಕೊಂಡರಂತೆ. ದೋಕ್‌ಪಾಲ್ ಹಗಲು ಇರುವುದಿಲ್ಲ ಎಂದು ಗೊತ್ತಿದ್ದರಿಂದಲೇ ಹಗಲು ಹತ್ತುತ್ತಿದ್ದೆ ಎಂದು ಹೇಳಿದರಂತೆ. ತರಕಾರಿ ಅಂಗಡಿಯವಳಿಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ. ತಾಕ್ ಕೆಟ್ಟವನೇ ಇರಬಹುದು, ಆದರೆ ದೋಕ್‌ಪಾಲನೂ ಅಷ್ಟೇನೂ ಒಳ್ಳೆಯವನಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು.

ಯೂರಿ ಪೆಟ್ಟಿಗೆ ಬಿಚ್ಚಿದಳು. ತಾಯಿಗೆ ಫೋನು ಮಾಡಿ, ಮನೆಯಲ್ಲಿ ಗಂಡಸು ಅಂತ ಯಾರೂ ಇಲ್ಲ, ಈಗ ಭಯವಿಲ್ಲ ಎಂದಳು. ತಾಯಿಗೆ ತಲೆಬುಡ ತಿಳಿಯಲಿಲ್ಲ.

ಸಭೆ ಮುಗಿದ ಸಂಜೆ ಮಲ್ಸುನ್ ದನದ ಮಾಂಸ, ಜರಿಗಿಡದ ದಂಟು, ಈರುಳ್ಳಿ ಸೊಪ್ಪು ತಂದು, ಕೆಂಪಗೆ ಖಾರದ ಸಾರು ಮಾಡಿದಳು. ಸಾವಾದ ಮನೆಯಲ್ಲಿ ಬಂದವರಿಗೆ ಬಡಿಸುವ ಸಾರು ಅದು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎರಡನೇ ಮಹಡಿಗೆ ಇಳಿದು ಬಂದಳು. ಟೀಚರ್ ಬಾಗಿಲು ತೆಗೆದು, ಪಾತ್ರೆಯ ಮುಚ್ಚಳ ಎತ್ತಿ ನೋಡಿ, ದಾರಿ ಬಿಟ್ಟರು.

ಆರು ವರ್ಷದ ಹಿಂದೆ ಗಂಡ ಆಸ್ಪತ್ರೆಯಲ್ಲಿ ಸತ್ತಾಗ ಟೀಚರ್ ದೇಹವನ್ನು ಅಲ್ಲಿಂದಲೇ ಊರಿಗೆ ಸಾಗಿಸಿ ದಹನ ಮಾಡಿಸಿ ಬಂದಿದ್ದರು. ಬಂದ ದಿನವೇ ಮೆಟ್ಟಿಲಲ್ಲಿ ತಾಕ್ ಯಜಮಾನರು ಸಿಕ್ಕಿ, ಯಜಮಾನರು ಹೇಗಿದ್ದಾರೆ ಎಂದು ಕೇಳಿದ್ದರು. ಮನೆಗೆ ಬಂದಿದ್ದಾರೆ, ಮಲಗಿದ್ದಾರೆ ಎಂಬ ಮಾತು ತಾನಾಗಿ ಬಾಯಿಂದ ಬಂತು. ಆಮೇಲೆ ಅದನ್ನು ಹಿಂತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಮಲಗಿರುವ ಗಂಡನಿಗಾಗಿ ಗೋಡೆಯಾಚೆ ಕೇಳುವ ಹಾಗೆ ಅಳುವುದಕ್ಕೆ ಆಗುವುದಿಲ್ಲ. ಯಾರೂ ಬರಲಿಲ್ಲ, ಯಾರೂ ತಲೆಬಾಗಲಿಲ್ಲ, ಯಾರೂ ಏನಾಗಿತ್ತು ಎಂದು ಕೇಳಲಿಲ್ಲ. ಬೇಗ ಗುಣವಾಗಲಿ ಎಂದು ಮಾತ್ರ ಎಲ್ಲರೂ ಹೇಳುತ್ತಿದ್ದರು.

ಮಲ್ಸುನ್ ಕಿಟಕಿ ಬಳಿಯ ಕೋಟಿನ ಎದುರು ನಿಂತಳು. ನೆಲಕ್ಕೆ ಹಣೆ ಮುಟ್ಟಿಸಿ ಎರಡು ಸಲ ನಮಸ್ಕರಿಸಿದಳು. ಆಮೇಲೆ ಟೀಚರ ಕಡೆ ತಿರುಗಿ ತಲೆಬಾಗಿ, ಸಾವಿನ ಮನೆಯಲ್ಲಿ ಕೇಳುವುದನ್ನು ಕೇಳಿದಳು.

"ಹೆಸರೇನು ಟೀಚರ್ ಅವರ್ದು? ಏನಾಗಿತ್ತು?"

ಟೀಚರ್ ಹೆಸರು ಹೇಳಿದರು. ಶ್ವಾಸಕೋಶ ಎಂದರು, ಎರಡೇ ತಿಂಗಳು ಎಂದರು, ಕೊನೆಗೆ ನೀರು ಕೇಳಿದರು, ನಾನು ಲೋಟ ತರುವಷ್ಟರಲ್ಲಿ ಎಂದರು. ಆಮೇಲೆ ನೆಲದ ಮೇಲೆ ಕೂತು, ನಾಲ್ಕನೇ ಮಹಡಿಗೂ ಕೇಳಿಸುವ ಹಾಗೆ ಅತ್ತರು.